ಮುಚ್ಚಿದ ಬಾಗಿಲು ಮತ್ತು ರೆಕ್ಕೆಯ ಸದ್ದು

ಕತ್ತಲ ಕೋಣೆಯಲ್ಲಿ ಪ್ರೇಕ್ಷಕರನ್ನು ನಿಲ್ಲಿಸಿ, ಸುತ್ತಲೂ ರಣಹದ್ದಿನ ರೆಕ್ಕೆಯ ಸದ್ದು, ಪ್ರಾರ್ಥನೆಯ ಗುನುಗು, ಮೇಲಿನಿಂದ ಬೆಳಕು ಬಿಟ್ಟು, ಪ್ರಾಚೀನ ಜರತುಷ್ಟ್ರ ಧರ್ಮದವರ ಶವಸಂಸ್ಕಾರವನ್ನು 'ಅನುಭವಿಸುವಂತೆ' ಮಾಡುವ ಕಲೆ ಈಗ ಹುಟ್ಟಿಕೊಂಡಿದೆ. ಮೈಸೂರು ಅರಮನೆಯ ಧ್ವನಿ-ಬೆಳಕಿನ ಪ್ರದರ್ಶನ ಕಂಡವರಿಗೆ ಇದರಲ್ಲಿ ತಪ್ಪೇನೂ ಕಾಣಲಿಕ್ಕಿಲ್ಲ. ಆದರೆ ಅರಮನೆ ನಾಲ್ಕು ಜನ ನೋಡಲೆಂದೇ ಕಟ್ಟಿದ್ದು. ದಖ್ಮಾ ಹಾಗಲ್ಲ.

ಬೆಂಗಳೂರಿನ ನಂದಿದುರ್ಗ ರಸ್ತೆಯಲ್ಲೂ ಪಾರ್ಸಿಗಳ ದಖ್ಮಾ ಇದೆ. ಮಣ್ಣು, ನೀರು, ಬೆಂಕಿ ಹೆಣದಿಂದ ಮೈಲಿಗೆಯಾಗಬಾರದೆಂಬುದು ಅವರ ನಂಬಿಕೆ. ಆದ್ದರಿಂದ ದುಂಡು ಗೋಡೆಯೊಳಗೆ, ಬಿಸಿಲು ಮತ್ತು ಹದ್ದುಗಳಿಗೆ ಶವವನ್ನು ಒಪ್ಪಿಸುತ್ತಾರೆ. ಹೊರಸುತ್ತು ಗಂಡಸರಿಗೆ, ನಡುಸುತ್ತು ಹೆಂಗಸರಿಗೆ, ಒಳಸುತ್ತು ಮಕ್ಕಳಿಗೆ. ಬಂಧುಗಳು ಇಬ್ಬಿಬ್ಬರಾಗಿ ಬಿಳಿ ವಸ್ತ್ರದ ತುದಿ ಹಿಡಿದು ಹಿಂದೆ ನಡೆಯುತ್ತಾರೆ. ಹೆತ್ತ ತಾಯಿಗೂ ಒಳಗೆ ಪ್ರವೇಶವಿಲ್ಲ. ಶವ ಹೊರುವವರು ಮಾತ್ರ ಹೋಗಿ ಬರುತ್ತಾರೆ.

ನಮ್ಮಲ್ಲೂ ಮಯ್ಯಿತ್‌ಗೆ ಗುಸ್ಲ್ ಕೊಡುವಾಗ ಪರದೆ ಹಿಡಿಯುತ್ತೇವೆ. ಕಂಡದ್ದನ್ನು ಹೊರಗೆ ಆಡಬಾರದೆಂದು ಹಿರಿಯರು ಕಲಿಸಿದ್ದಾರೆ. ಸತ್ತವನ ಮಾನವನ್ನು ಬದುಕಿದವರೇ ಕಾಯಬೇಕು. ಹಾಗಿರುವಾಗ ತಾಯಿಗೂ ಮುಚ್ಚಿದ ಬಾಗಿಲನ್ನು ಟಿಕೆಟ್ ಕೊಂಡವರಿಗೆ ತೆರೆಯುವುದು ಯಾವ ನ್ಯಾಯ? ನಿಜವಾದ ಹೆಣವನ್ನೇನೂ ತೋರಿಸುತ್ತಿಲ್ಲ, ಸಾವಿನ ನೆನಪು ಕೊಡುತ್ತಿದ್ದೇವೆ ಎಂದು ಕಲಾವಿದರು ಹೇಳಬಹುದು. ಆ ಮಾತನ್ನು ನಾವು ಸುಲಭವಾಗಿ ತಳ್ಳಿಹಾಕಲಾರೆವು. ಕತೆಗಳಲ್ಲಿ ನಾವೂ ಎಷ್ಟೋ ಜನಾಜಾಗಳನ್ನು ಹೊತ್ತವರೇ.

ಆದರೆ ಆ ರೆಕ್ಕೆಯ ಸದ್ದು? ಅದು ದಖ್ಮಾದ ಮೇಲೆ ಈಗ ಕೇಳಿಸುವುದಿಲ್ಲ. 1990ರ ದಶಕದಿಂದೀಚೆಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಅಳಿದವು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ, ಆ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ಗೊತ್ತಾಯಿತು. ಮುಂಬಯಿಯ ಡೂಂಗರವಾಡಿಯಲ್ಲಿ ಹದ್ದುಗಳ ಬದಲು ಬಿಸಿಲನ್ನು ಶವದ ಮೇಲೆ ಕೂಡಿಸುವ ಉಪಕರಣಗಳನ್ನು ಇಡಬೇಕಾಯಿತು.

ಪರಶುರಾಂಪುರದವರಾದ ನಮಗೆ ದನವೆಂದರೆ ಬದುಕು. ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲು, ಮ್ಯಾಸಬೇಡರ ದೇವರ ಎತ್ತುಗಳ ನಡುವೆ ಬೆಳೆದವರು ನಾವು. ಎತ್ತು ಕುಂಟಿದರೆ ಸೂಜಿ ಹಾಕಿಸುವುದು ದಯೆಯೇ. ಆ ದಯೆಯೇ ಎಲ್ಲೋ ದೂರದಲ್ಲಿ ಇನ್ನೊಬ್ಬರ ಅಂತ್ಯಕ್ರಿಯೆಯನ್ನು ಕೆಡಿಸಿತು. ತಿಳಿಯದೆ ಆದದ್ದು, ಕ್ಷಮೆಯಿದೆ ಎನ್ನೋಣ. ತಿಳಿದ ಮೇಲೆ? 2006ರಲ್ಲಿ ಸರಕಾರ ದನಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಆಮೇಲೂ ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಅವನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಹದ್ದಿಗೆ ಕೇಡು ಮಾಡದ ಮೆಲೋಕ್ಸಿಕಾಮ್ ಇದ್ದೂ ಹೀಗೆ.

ದಖ್ಮಾದ ಒಳಗನ್ನು ಅದರ ಪಾಡಿಗೆ ಬಿಟ್ಟು, ಕಲಾವಿದರು ಆ ಸೀಸೆಯ ಮೇಲೆ ಬೆಳಕು ಬಿಡಲಿ. ನೋಡಲು ನಾವು ಪರಶುರಾಂಪುರದಿಂದ ಬಸ್ಸು ಹತ್ತಿ ಹೋಗುತ್ತೇವೆ.