ಮುಟ್ಟದಿರುವ ಆರೈಕೆ

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಯಾರಿಗಾದರೂ ತಲೆಗೆ ಪೆಟ್ಟು ಬಿತ್ತೆಂದರೆ ಮುಂದಿನ ದಾರಿ ಎಲ್ಲರಿಗೂ ಗೊತ್ತು: ಹೆದ್ದಾರಿ 66 ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಅಡಿಕೆ ಮರದಿಂದ ಜಾರಿದ ಕೊನೆಗೌಡನಾಗಲಿ, ಬೈಕಿನಿಂದ ಬಿದ್ದ ಹುಡುಗನಾಗಲಿ, ಪಾಡು ಒಂದೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡ ಮೇಲೆ, ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂಬ ಕೂಗು ಇನ್ನಷ್ಟು ಬಲವಾಯಿತು. ನ್ಯಾಯವಾದ ಕೂಗೇ. ಆದರೆ ಆಸ್ಪತ್ರೆ ತಲುಪಿದ ಮೇಲಿನ ದಿನಗಳ ಬಗ್ಗೆ ನಾವು ಮಾತಾಡುವುದು ಕಡಿಮೆ.

ಮಿದುಳಿನೊಳಗೆ ದಿನಕ್ಕೆ ಸುಮಾರು ಅರ್ಧ ಲೀಟರು ತಿಳಿನೀರು ಊರುತ್ತದೆ, ಅಷ್ಟೇ ಇಂಗುತ್ತದೆ. ರಕ್ತಸ್ರಾವವೋ ಕ್ಷಯದ ಮಿದುಳುಜ್ವರವೋ ಆ ಹರಿವಿಗೆ ಅಡ್ಡ ಬಂದಾಗ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ತೆಳು ನಳಿಕೆಯೊಂದನ್ನು ಇಳಿಬಿಟ್ಟು, ನೀರನ್ನು ಹೊರಗಿನ ಚೀಲಕ್ಕೆ ಹರಿಸುತ್ತಾರೆ. ಕಿವಿಯ ಮಟ್ಟ ನೋಡಿ ತೂಗುಹಾಕಿದ ಆ ಸರಂಜಾಮಿನಲ್ಲಿ ನೀರು ಹನಿಯುವುದನ್ನು ಗಾಜಿನಾಚೆಯಿಂದ ಕಾಣುವ ಮನೆಯವರಿಗೆ ಅದೇ ಜೀವದ ಲೆಕ್ಕ. ಜೀವ ಉಳಿಸಿದ ಆ ನಳಿಕೆಯೇ, ಚರ್ಮದ ಮೇಲೆ ತಮ್ಮಷ್ಟಕ್ಕೆ ಬದುಕಿದ್ದ ಬ್ಯಾಕ್ಟೀರಿಯಾಗಳಿಗೆ ಮಿದುಳಿನ ಹಾದಿಯೂ ಆಗಬಲ್ಲದು. ಕೊಂಡಿ ಬಿಚ್ಚಿದಾಗಲೆಲ್ಲ, ಪರೀಕ್ಷೆಗೆಂದು ನೀರು ತೆಗೆದಾಗಲೆಲ್ಲ ಅಪಾಯ ಏರುತ್ತದೆ. ಆದ್ದರಿಂದ ಬಲ್ಲವರು ಸುಮ್ಮಸುಮ್ಮನೆ ನೀರು ತೆಗೆಯುವುದಿಲ್ಲ, ವಾಯಿದೆ ಇಟ್ಟು ನಳಿಕೆ ಬದಲಿಸುವುದಿಲ್ಲ, ಬೇಡವಾದ ದಿನವೇ ಅದನ್ನು ಕಿತ್ತುಬಿಡುತ್ತಾರೆ.

ಇದು ನಮ್ಮ ಸ್ವಭಾವಕ್ಕೆ ಒಗ್ಗುವುದು ಕಷ್ಟ. ನಮಗೆ ಪ್ರೀತಿಯೆಂದರೆ ಹತ್ತಿರ ಹೋಗುವುದು, ಹಣೆ ಮುಟ್ಟಿ ನೋಡುವುದು, "ಏನಾದರೂ ಮಾಡಿ" ಎಂದು ಅಂಗಲಾಚುವುದು. "ಸಿಸ್ಟರ್, ಇವತ್ತು ನೀರು ಟೆಸ್ಟಿಗೆ ಕಳಿಸ್ಲಿಲ್ವಾ?" ಎಂದು ಕೇಳುವ ಅಣ್ಣನ ಕಣ್ಣಿಗೆ, ಕೈ ತೊಳೆದು ಬಂದು, ಬ್ಯಾಂಡೇಜಿನ ಅಂಚನ್ನು ಬಗ್ಗಿ ನೋಡಿ, ಏನನ್ನೂ ಮುಟ್ಟದೆ ಹೊರಟ ಸಿಸ್ಟರ್ ಅಸಡ್ಡೆಯವಳಾಗಿ ಕಂಡರೆ ಆಶ್ಚರ್ಯವೇ? ಬಾರದೇ ಹೋದ ಸೋಂಕಿಗೆ ಸಾಕ್ಷಿಯಿಲ್ಲ. ಅದಕ್ಕಾಗಿ ಯಾರೂ ಅವಳಿಗೆ ಕೈ ಮುಗಿಯುವುದಿಲ್ಲ.

ಮುಟ್ಟದಿರುವ ಶಿಸ್ತು ಈ ಕರಾವಳಿಗೆ ಹೊಸದೇನಲ್ಲ. ಮಡಿಯುಟ್ಟು ಅಡುಗೆಮನೆ ಹೊಕ್ಕ ಅಜ್ಜಿಯರನ್ನು ನಮ್ಮಲ್ಲಿ ಎಷ್ಟೋ ಜನ ಕಂಡವರೇ. ಆದರೆ ಆ ಮಡಿ ತನ್ನನ್ನು ಇತರರಿಂದ ಕಾಪಾಡಿಕೊಳ್ಳಲು ಹೊರಟಿತ್ತು, ಮುಟ್ಟಿದವರ ಹುಟ್ಟನ್ನು ಕೇಳುತ್ತಿತ್ತು. ಐಸಿಯುವಿನ ಮಡಿ ಎದುರಿನವರನ್ನು ನನ್ನಿಂದ ಕಾಪಾಡುವಂಥದ್ದು; ಮೈಲಿಗೆ ಇರುವುದು ನನ್ನ ಕೈಯಲ್ಲೇ ಎಂದು ಮೊದಲು ಒಪ್ಪಬೇಕು. ಅದು ಸುಲಭವೇ? 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಕೈ ತೊಳೆಯುವ ಕಟ್ಟಳೆ ತಂದಾಗ, ಬಾಣಂತಿಯರಿಗೆ ಸಾವನ್ನು ಒಯ್ದದ್ದು ತಮ್ಮ ಕೈಗಳೇ ಎಂಬ ಮಾತನ್ನು ಅಂದಿನ ಹಲವು ವೈದ್ಯರು ಅರಗಿಸಿಕೊಳ್ಳಲಿಲ್ಲ.

ಹಿರಿಯರ ತಪ್ಪನ್ನು ಕಿರಿಯರು ಎತ್ತಿ ಆಡಬಾರದೆಂಬ ನಮ್ಮ ಸಂಸ್ಕಾರವೂ ಇಲ್ಲಿ ಅಡ್ಡಬರುತ್ತದೆ. 2001ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಪೀಟರ್ ಪ್ರೊನೊವೊಸ್ಟ್, ರಕ್ತನಾಳಕ್ಕೆ ನಳಿಕೆ ಹಾಕುವ ವೈದ್ಯರು ಒಂದು ಹೆಜ್ಜೆ ಬಿಟ್ಟರೂ ತಡೆಯುವ ಅಧಿಕಾರವನ್ನು ದಾದಿಯರಿಗೆ ಕೊಡಿಸಿದರು; ಸೋಂಕು ಬಹುತೇಕ ನಿಂತಿತು. ನಾವು ಕೇಳುತ್ತಿರುವ ಆಸ್ಪತ್ರೆಗೆ ಹಾಸಿಗೆ, ಯಂತ್ರ, ತಜ್ಞರ ಪಟ್ಟಿ ಬರೆಯುವವರು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ "ಸರ್, ಕೈ ತೊಳೆದಿಲ್ಲ" ಎಂದರೆ ಮರುದಿನ ಅವಳ ಡ್ಯೂಟಿ ಬದಲಾಗದಂತೆ ನೋಡಿಕೊಳ್ಳಲು ಒಂದು ಸಾಲನ್ನಾದರೂ ಬರೆಯುತ್ತಾರೆಯೇ?