ಎಲೆಯ ಮೇಲೆ ಅಡ್ಡ ಹಿಡಿದ ಕೈ

ಜೇಜುರಿಯಿಂದ ತಂದ ಭಂಡಾರದ, ಅಂದರೆ ದೇವರ ಅರಿಶಿನದ, ಪೊಟ್ಟಣವನ್ನು ಜಗಲಿ ಮೇಲೆ ಇಡುವ ಮೊದಲು ಅವ್ವ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡಳು. ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು, ಎರಡು ಹನಿ ನೀರು ಬಿಟ್ಟು ತಿಕ್ಕಿದಳು. ಓಕುಳಿಯ ಕೆಂಪು ಬರಬೇಕಿತ್ತು. ಅಲ್ಲಲ್ಲಿ ಒಂದಿಷ್ಟು ಕೆಂಪಾಯಿತು. ಮಿಕ್ಕದ್ದು ಹಟ ಹಿಡಿದು ಹಳದಿಯಾಗೇ ಕೂತಿತು. "ಇದರಾಗ ಅರಿಷಿಣ ಕಡಿಮಿ ಐತಿ" ಅಂದಳು. ನಾನು ಇನ್ನೊಂದು ಚಿಟಿಕೆಯನ್ನು ನೀರಲ್ಲಿ ಕದಡಿ, ಬಚ್ಚಲು ತೊಳೆಯುವ ಆಸಿಡ್ ಹನಿಸಿದೆ. ಗುಲಾಬಿ ಎದ್ದಿತು. ಮೇಲೆ ನೀರು ಸುರಿದರೂ ಹೋಗಲಿಲ್ಲ. ಮೆಟಾನಿಲ್ ಹಳದಿ: ಚರ್ಮಕ್ಕೆ, ಕಾಗದಕ್ಕೆ ಹಾಕುವ ಕಾರ್ಖಾನೆಯ ಬಣ್ಣ.

ನಮ್ಮದು ದೇವರಗುಡ್ಡದ ಕಡೆಯ ಒಕ್ಕಲು. ದೇವರು ಒಬ್ಬನೇ: ಅಲ್ಲಿ ಮಾಲತೇಶ, ಹಡಗಲಿ ಸೀಮೆಯಲ್ಲಿ ಮೈಲಾರಲಿಂಗ, ಪುಣೆಯಿಂದ ಐವತ್ತು ಕಿಲೋಮೀಟರ್ ದೂರದ ಜೇಜುರಿ ಗುಡ್ಡದ ಮೇಲೆ ಖಂಡೋಬಾ. ಮೊದಲ ಸಲ ಆ ಗುಡ್ಡದ ಮೆಟ್ಟಿಲು ಹತ್ತುವಾಗ "ಯೇಳ್‌ಕೋಟ್ ಯೇಳ್‌ಕೋಟ್" ಎಂಬ ಕೂಗು ಕೇಳಿ ನಿಂತುಬಿಟ್ಟಿದ್ದೆ. ಮರಾಠಿ ಬಾಯಲ್ಲಿ ನಮ್ಮದೇ ಮೈಲಾರನ ಜಯಕಾರ, ಏಳು ಕೋಟಿ. ಹಿಡಿಹಿಡಿ ಅರಿಶಿನ ತೂರಿ ತೂರಿ ಕಲ್ಲು, ಕಂಬ, ಜನರ ರೆಪ್ಪೆ, ಎಲ್ಲಾ ಹಳದಿ. ಸೋನ್ಯಾಚಿ ಜೇಜುರಿ, ಚಿನ್ನದ ಜೇಜುರಿ ಅನ್ನುವುದು ಅದಕ್ಕೇ.

ಅವ್ವನ ಅಂಗೈಯಲ್ಲಿದ್ದ ಎರಡು ಹಳದಿಗಳು ದೂರದ ದಾಯಾದಿಗಳು. ಎರಡರ ಒಡಲಲ್ಲೂ ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಉಂಗುರವಿದೆ. ಅರಿಶಿನದ ಕರ್ಕ್ಯುಮಿನ್‌ನಲ್ಲಿ ಎರಡು, ಮೆಟಾನಿಲ್ ಹಳದಿಯಲ್ಲಿ ಮೂರು. ಇಂಥವಕ್ಕೆ ಆರೊಮ್ಯಾಟಿಕ್, ಅಂದರೆ ಸುಗಂಧಿ, ಎಂದು ಹೆಸರು. ಮೊದಲು ಕೈಗೆ ಸಿಕ್ಕವು ಸುವಾಸನೆಯವಾದ್ದರಿಂದ ಹೆಸರು ಅಂಟಿಕೊಂಡಿತು; ಈ ಕುಲದ ಫಿನಾಯಿಲನ್ನು ಮೂಸಿದವರಿಗೆ ಅದರ ಚೋದ್ಯ ಗೊತ್ತು. ಬಣ್ಣ, ಔಷಧಿ, ಥರ್ಮಾಕೋಲ್, ನೈಲಾನ್‌ಗಳಿಗೆ ಬೇಕಾದ ಈ ಉಂಗುರಗಳನ್ನು ಮೊದಲು ಕಲ್ಲಿದ್ದಲಿನ ಟಾರಿನಿಂದ, ಆಮೇಲೆ ಕಲ್ಲೆಣ್ಣೆಯಿಂದ ತೆಗೆದೆವು. ಅರಿಶಿನದ ಗಿಡ ಮಾತ್ರ ಗಾಳಿ, ನೀರು, ಬಿಸಿಲಿನಿಂದ ಸಕ್ಕರೆ ಮಾಡಿಕೊಂಡು, ಆ ಸಕ್ಕರೆಯಿಂದಲೇ ಉಂಗುರ ಕಟ್ಟುತ್ತದೆ. ಆ ವಿದ್ಯೆ ಗಿಡಗಳಿಗೂ ಸೂಕ್ಷ್ಮಜೀವಿಗಳಿಗೂ ಗೊತ್ತು, ನಮಗೆ ಗೊತ್ತಿಲ್ಲ. ಫೀನೈಲ್‌ಅಲನೀನ್ ಎಂಬ ಉಂಗುರವನ್ನು ನಾವು ಅನ್ನ, ಬೇಳೆಯಲ್ಲಿ ತಿಂದೇ ಪಡೆಯಬೇಕು. ಆ ಲೆಕ್ಕದಲ್ಲಿ ಮನುಷ್ಯ ಹುಟ್ಟಾ ಭಿಕ್ಷುಕ.

ಈಗ ವಿಜ್ಞಾನಿಗಳು ಬ್ಯಾಕ್ಟೀರಿಯಾವನ್ನು ಕೂಲಿಗೆ ಕರೆದಿದ್ದಾರೆ. 1983ರಲ್ಲಿ ಅಮೆರಿಕದಲ್ಲಿ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಜೀನ್ಸಿನ ನೀಲಿ ಮಾಡಿತು. 2008ರಲ್ಲಿ ಜಪಾನಿನಲ್ಲಿ, ಭತ್ತದ ಜೀನ್ ಹೊತ್ತು, ಕರ್ಕ್ಯುಮಿನ್ನೂ ಬಂತು. 2011ರಲ್ಲಿ ಅರಿಜೋನಾದಲ್ಲಿ ಬರೀ ಗ್ಲೂಕೋಸ್ ತಿಂದು ಥರ್ಮಾಕೋಲ್‌ನ ಮೂಲವಸ್ತು ಸ್ಟೈರೀನ್ ಕೊಟ್ಟಿತು. ಲೀಟರಿಗೆ 260 ಮಿಲಿಗ್ರಾಂ, ಒಂದು ಚಿಟಿಕೆ ಭಂಡಾರದಷ್ಟು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೆಲಸದ ಮೊದಲ ಹೆಜ್ಜೆ. ಸಕ್ಕರೆ ಮುರಿದಾಗ ಸಿಗುವ ಮೂರು ಇಂಗಾಲದ ತುಂಡನ್ನೂ ನಾಲ್ಕು ಇಂಗಾಲದ ತುಂಡನ್ನೂ ಒಂದು ಕಿಣ್ವ ಬೆಸೆಯುತ್ತದೆ. ಮೂರೂ ನಾಲ್ಕೂ ಏಳು. (ಇಲ್ಲೂ ಏಳೇ ಎಂದು ಮೈಲಾರನ ಗೊರವಪ್ಪ ಡಮರು ಬಾರಿಸಬಹುದು.) ಉಂಗುರಕ್ಕೆ ಹೋಗುವ ದಾರಿಯ ಹೆಬ್ಬಾಗಿಲು ಅದು. ಜೀವಕೋಶಕ್ಕೆ ಬೇಕಾದಷ್ಟು ಫೀನೈಲ್‌ಅಲನೀನ್ ಆದ ಕೂಡಲೇ ಅದೇ ಬಂದು ಕಿಣ್ವದ ಮೇಲೆ ಕೂರುತ್ತದೆ, ಬೆಸುಗೆ ನಿಲ್ಲುತ್ತದೆ. ಪಂಕ್ತಿಯಲ್ಲಿ ಕೂತವನು ಬಡಿಸುವವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ: ಸಾಕು. ಆ ಕಿಣ್ವ 350 ಅಮಿನೋ ಆಮ್ಲಗಳ ಸರ. ಅದರ 146ನೆಯ ಮಣಿಯೊಂದನ್ನು ಬದಲಿಸಿದರೆ, 'ಸಾಕು' ಎನ್ನುವ ಮಾತು ಅದಕ್ಕೆ ಕೇಳಿಸುವುದೇ ಇಲ್ಲ. ಹೊಸ ವಿದ್ಯೆ ಕಲಿಸುವ ಮೊದಲು ಹಳೆಯ ತೃಪ್ತಿಯನ್ನು ಕಿತ್ತುಹಾಕಬೇಕು. ನಮ್ಮ ಕಾಲದ ಯಾವ ಕೈಗಾರಿಕೆ ಹೀಗೆ ಶುರುವಾಗಿಲ್ಲ?

ಮುಂದಿನದು ಇನ್ನೂ ಕಠಿಣ. ಫೀನಾಲ್, ಸ್ಟೈರೀನ್‌ಗಳು ಬ್ಯಾಕ್ಟೀರಿಯಾದ ಪೊರೆಯನ್ನೇ ಕರಗಿಸುತ್ತವೆ. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯದ ಕ್ರಿಮಿ ಕೊಲ್ಲಲು ಬಳಸಿದೆನೆಂದು ಪ್ರಕಟಿಸಿದ್ದು ಇದೇ ಫೀನಾಲನ್ನು. ಕ್ರಿಮಿಯನ್ನು ಕೊಲ್ಲುವ ಮದ್ದನ್ನು ಕ್ರಿಮಿಯ ಕೈಯಲ್ಲೇ ಅರೆಸುತ್ತಿದ್ದೇವೆ.

ಆದರೆ ಬ್ಯಾಕ್ಟೀರಿಯಾವೂ ಸುಮ್ಮನಿರುವುದಿಲ್ಲ. ಒಂದು ಹನಿ ದ್ರಾವಣದಲ್ಲಿ ಹೆಚ್ಚುಕಡಿಮೆ ಏಳು ಕೋಟಿ ಜೀವಗಳು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಂದು ತಲೆಮಾರು. ಇಷ್ಟು ಜನದಲ್ಲಿ ಯಾರದೋ ಒಬ್ಬನ ಜೀನ್ ಕೆಟ್ಟು, ಹೊರಿಸಿದ ಕೆಲಸ ನಿಂತುಹೋಗುತ್ತದೆ. ಆ ಸೋಮಾರಿ ಹಗುರಾಗಿ, ಬೇಗ ಬೇಗ ಮಕ್ಕಳಾಗಿ, ಕೆಲವು ಹತ್ತು ತಲೆಮಾರಿನಲ್ಲಿ ಇಡೀ ಕಡಾಯಿಯನ್ನು ತುಂಬಿಬಿಡಬಹುದು. ತಂತ್ರಜ್ಞರಿಗೆ ಇದು ದೊಡ್ಡ ತಲೆನೋವು. ನನಗೇನೋ ಕಿತ್ತುಕೊಂಡ 'ಸಾಕು' ಹಿತ್ತಿಲ ಬಾಗಿಲಿಂದ ಮನೆಗೆ ಬಂದಂತೆ ಕಾಣುತ್ತದೆ.

ಬ್ಯಾಕ್ಟೀರಿಯಾದ ಈ ಕೆಲಸದ ಬಗ್ಗೆ ಬರೆಯುವವರಲ್ಲಿ, ಅದಕ್ಕೆ ಹಾಕುವ ಮೇವಿಗೆ ಸರಳ ಸಕ್ಕರೆ ಎಂಬ ಮಾತು ಪದೇ ಪದೇ ಬರುತ್ತದೆ. ರಸಾಯನಶಾಸ್ತ್ರದಲ್ಲಿ ಅದು ಸರಿ. ಜೇಜುರಿಯಿಂದ ನೀರಾ ನದಿಯ ಕಡೆಗೆ ಇಳಿದರೆ ಮಾತು ತೊಡಕಾಗುತ್ತದೆ. ಪುರಂದರ ತಾಲ್ಲೂಕಿನ ಮೂಡಣ ಹಳ್ಳಿಗಳು ಮಳೆಗೆ ಮುಖ ಮಾಡಿ ಕೂತವು. ಕಾಲುವೆ ಸಿಕ್ಕ ಕಡೆ ಮಾತ್ರ ಕಬ್ಬು ಆಳೆತ್ತರ. ಸೋಮೇಶ್ವರ ಸಹಕಾರಿ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಮರಾಠವಾಡದ ಒಣ ಊರುಗಳಿಂದ ಕಬ್ಬು ಕಡಿಯಲು ಬಂದವರ ಗುಡಿಸಲು, ಗುಡಿಸಲ ಮುಂದೆ ಕೂಸು. ಕಲ್ಲೆಣ್ಣೆ ಬಿಟ್ಟು ಸಕ್ಕರೆ ಹಿಡಿಯುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಅದನ್ನು ಹಸಿರು ಎಂದು ಕರೆಯುವ ಮೊದಲು ಯಾರ ಹೊಲದ ನೀರು ಎಂದು ಕೇಳಿಕೊಳ್ಳಬೇಕು.

ಇದನ್ನೆಲ್ಲ ಅವ್ವನಿಗೆ ನನಗೆ ತಿಳಿದಷ್ಟು ಹೇಳಿ, ಬ್ಯಾಕ್ಟೀರಿಯಾ ಮಾಡಿದ ಅರಿಶಿನದ ಸತ್ವ ಮೈಲಾರನಿಗೆ ನಡೆದೀತೇ ಎಂದು ಕೇಳಿದೆ. ಬೇಸರಿಸುತ್ತಾಳೆ ಅಂದುಕೊಂಡಿದ್ದೆ. "ಸುಣ್ಣಕ್ಕ ಕೆಂಪ ಆಕ್ಕೈತೇನು?" ಅಂದಳು. ಆಗುತ್ತದೆ, ಕರ್ಕ್ಯುಮಿನ್ ಯಾರು ಮಾಡಿದರೂ ಸುಣ್ಣಕ್ಕೆ ಕೆಂಪೇ. "ಹಂಗಾರ ಅರಿಷಿಣನ. ಯಾರ ಮಾಡಿದ್ರೇನು, ಅದೂ ಅವನ ಒಕ್ಕಲ."

ಪೊಟ್ಟಣದಲ್ಲಿ ಉಳಿದದ್ದನ್ನು ಅವಳು ದೇವರಿಗೆ ಏರಿಸಲಿಲ್ಲ. ಸೋಮವತಿ ಅಮಾವಾಸ್ಯೆಗೆ ಜೇಜುರಿಗೆ ಹೋಗುವವರು ಸಂಚಿಯಲ್ಲಿ ಚೂರು ಸುಣ್ಣ ಇಟ್ಟುಕೊಳ್ಳಿ. ಆಗುವುದಾದರೆ ಮನೆಯಿಂದಲೇ ಅರಿಶಿನದ ಕೊಂಬು ಕುಟ್ಟಿಸಿಕೊಂಡು ಹೋಗಿ.