ಕೇಳುವುದೆಂದರೆ ಸುಮ್ಮನಿರುವುದೇ?

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಮೂರು ಅರ್ಥ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. 'ಟೀಚರ್, ನಮ್ಮ ಮಗು ಹೇಳಿದ ಮಾತೇ ಕೇಳುವುದಿಲ್ಲ' ಎಂದು ತಾಯಂದಿರು ದೂರುವಾಗ ಅದರ ಅರ್ಥ ವಿಧೇಯತೆ. ಮನೆಯಲ್ಲೂ ಶಾಲೆಯಲ್ಲೂ ನಮಗೆ ಹೆಚ್ಚಾಗಿ ಬೇಕಾದದ್ದು ಈ ಮೂರನೆಯದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಕೇಳುವುದೇ ಬೇಡ!

ಕೈಕಟ್ಟಿ, ಬಾಯಿಯ ಮೇಲೆ ಬೆರಳಿಟ್ಟು ಕುಳಿತ ಮಕ್ಕಳೆಲ್ಲ ಕೇಳುತ್ತಿದ್ದಾರೆ ಎಂದು ಹೇಗೆ ನಂಬುವುದು? ಹಿಂದೆ ಅಜ್ಜಿಯರು ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಿತ್ತು. 'ಹೂಂ' ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೇಳುವವರಿಗೂ ಕಥೆಯಲ್ಲಿ ಪಾಲಿದೆ ಎಂಬುದನ್ನು ಅವರು ಯಾವ ಬಿ.ಎಡ್. ಓದದೆಯೇ ಅರಿತಿದ್ದರು. ಒಂದು, ಎರಡನೆಯ ತರಗತಿಗಳಲ್ಲಿ ನಾನು ಪುಸ್ತಕ ಬದಿಗಿಟ್ಟು, ಮಕ್ಕಳ ಮುಖ ನೋಡುತ್ತ ಕಥೆ ಹೇಳುತ್ತೇನೆ. ನಡುವೆ ನಿಲ್ಲಿಸಿ, 'ಮುಂದೇನಾದೀತು?' ಎನ್ನುತ್ತೇನೆ. ಹಿಂದಿನದನ್ನು ಕೇಳಿಸಿಕೊಂಡ ಮಗು ಮಾತ್ರ ಮುಂದಿನದನ್ನು ಸರಿಯಾಗಿ ಊಹಿಸಬಲ್ಲದು. ಆಮೇಲೆ ಪಕ್ಕದವರಿಗೆ ಅದೇ ಕಥೆ ಹೇಳಬೇಕು. ಹೇಳುವವರ ಮಾತನ್ನು ಯಾರೂ ತುಂಡರಿಸಬಾರದು.

ಪುಣ್ಯಕೋಟಿಯ ಕಥೆಯನ್ನೇ ನೋಡಿ. ಸತ್ಯಕ್ಕೆ ಮೇಲ್ಪಂಕ್ತಿಯೆಂದು ನಾವು ಆ ಹಸುವನ್ನು ತೋರಿಸುತ್ತೇವೆ. ಸರಿಯೇ. ಆದರೆ ಹಸಿದಿದ್ದ ಹುಲಿ ಅವಳ ಮಾತಿಗೆ ಕಿವಿಗೊಡದಿದ್ದರೆ ಆ ಸತ್ಯ ಬೆಳಕಿಗೆ ಬರುತ್ತಿತ್ತೇ? ಮೇಲೆರಗಬಹುದಾಗಿದ್ದ ಅರ್ಭುತ ತಡೆದು ನಿಂತು ಕೇಳಿತು. ತನ್ನ ಸಂಶಯವನ್ನು ಮುಚ್ಚಿಡದೆ ಅವಳನ್ನೇ ಕೇಳಿತು. ಆಮೇಲೆ ನಂಬಿ ಕಳಿಸಿತು. ಬಲವುಳ್ಳವರು ಬಲವಿಲ್ಲದವರ ಮಾತಿಗೆ ಸಮಯ ಕೊಡಬೇಕೆಂಬ ನೀತಿಯೂ ಆ ಕಥೆಯಲ್ಲಿದೆ. ತರಗತಿಯಲ್ಲಿ ಬಲವುಳ್ಳವಳು ನಾನು, ಮನೆಯಲ್ಲಿ ನೀವು.

'ಹುಲಿ ಯಾಕೆ ಸಾಯಬೇಕಿತ್ತು ಮಿಸ್?' ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಪಾಠ ಮುಗಿಸುವ ಅವಸರ ಯಾವ ಟೀಚರಿಗಿಲ್ಲ? ಆದರೂ ಆ ಪ್ರಶ್ನೆಗೆ 'ಸುಮ್ಮನಿರು' ಎಂಬ ಉತ್ತರ ಸಲ್ಲದು. ರಸ್ತೆಗೆ ಓಡಬೇಡ ಎಂದಾಗ ಮಗು ಆ ಕ್ಷಣವೇ ಮಾತು ಕೇಳಬೇಕು, ನಿಜ. ಎಲ್ಲದಕ್ಕೂ ಸುಮ್ಮನಿರುವುದನ್ನೇ ಕಲಿತ ಮಗುವಾದರೋ, ನಾಳೆ ಅದಕ್ಕೆ ಯಾರಿಂದಲಾದರೂ ಕೆಟ್ಟದ್ದಾದಾಗಲೂ ಸುಮ್ಮನೇ ಇದ್ದುಬಿಡಬಹುದು. ಆಗ ಅದರ ಮೌನವನ್ನು ಒಳ್ಳೆಯ ನಡತೆ ಎಂದು ನಾವು ಮೆಚ್ಚುತ್ತಿರುತ್ತೇವೆ.

ಸಂಜೆ ಮಗು ಶಾಲೆಯ ಕಥೆ ಹೇಳಲು ಅಡುಗೆಮನೆಗೆ ಬಂದಾಗ ಒಲೆ ಸಣ್ಣಗೆ ಮಾಡಿ, ಅದರತ್ತ ತಿರುಗಿ. ನಡುನಡುವೆ 'ಹೂಂ' ಎನ್ನಿ.